ಹಳೆಯ ರೇಸಿಂಗ್ ಆಟಗಳಲ್ಲಿ ತಡವರಿಕೆ ಮತ್ತು ಯಂತ್ರಾಂಶದ ತಾಪಮಾನ

ಗಣಕಯಂತ್ರದ ಆಟಗಳಲ್ಲಿ ದೃಶ್ಯವು ಸರಾಗವಾಗಿ ಸಾಗದೆ ಕ್ಷಣಕಾಲ ನಿಂತು ಮುಂದುವರಿಯುವ ದೋಷವನ್ನು ತಡವರಿಕೆ ಅಥವಾ ಸ್ಟಟರಿಂಗ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್‌ಗಳು ಮೂಡಬೇಕಾದರೆ ಪ್ರತಿಯೊಂದೂ ಸುಮಾರು 16.7 ಮಿಲಿಸೆಕೆಂಡುಗಳಲ್ಲಿ ಸಿದ್ಧವಾಗಬೇಕು. ವೇಗವೇ ಪ್ರಧಾನವಾದ ರೇಸಿಂಗ್ ಆಟಗಳಲ್ಲಿ ಅಲ್ಪ ವಿಳಂಬವೂ ಎದ್ದು ಕಾಣುತ್ತದೆ.

ಕಾರಣಗಳು

ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ತನ್ನ ತಾಪಮಿತಿಯನ್ನು ಮುಟ್ಟಿದಾಗ ಆತ್ಮರಕ್ಷಣೆಗಾಗಿ ಕ್ಲಾಕ್ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎಂದು ಹೆಸರು. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳಲ್ಲಿ ಈ ಮಿತಿಯು ಸುಮಾರು 100 ಡಿಗ್ರಿ ಸೆಲ್ಸಿಯಸ್. ಆದರೆ ತಡವರಿಕೆಗೆಲ್ಲ ತಾಪವೇ ಕಾರಣವಲ್ಲ. ಹಳೆಯ ಆಟಗಳು ಬಹುಮಟ್ಟಿಗೆ ಒಂದೆರಡು ಕೋರ್‌ಗಳನ್ನೇ ಅವಲಂಬಿಸುತ್ತವೆ. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ಣವಾಗಿ ದುಡಿಯುತ್ತಿದ್ದರೂ ಒಟ್ಟು ಬಳಕೆ ಶೇಕಡಾ 25ರಷ್ಟೇ ಎಂದು ತೋರಬಹುದು.

ಪತ್ತೆ

ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಿಂದ ಆಟದ ವೇಳೆ ತಾಪಮಾನ, ಕ್ಲಾಕ್ ವೇಗಗಳನ್ನು ಒಟ್ಟಿಗೆ ದಾಖಲಿಸಬಹುದು. ತಾಪವು ಮಿತಿಗೇರಿದ ಹೊತ್ತಿನಲ್ಲೇ ವೇಗ ಕುಸಿದರೆ ದೋಷವು ತಾಪದ್ದು. ತಾಪ ಕಡಿಮೆಯಿದ್ದೂ ತಡವರಿಕೆ ಉಳಿದರೆ ಫ್ರೇಮ್ ದರ, ಡ್ರೈವರ್ ಹಾಗೂ ಡಿಸ್ಕ್‌ಗಳನ್ನು ಪರಿಶೀಲಿಸಬೇಕು.

ಪರಿಹಾರ

ತಾಪದ ದೋಷಕ್ಕೆ ಫ್ಯಾನಿನ ಧೂಳು ತೆಗೆಯುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಮೊದಲ ಕ್ರಮಗಳು. ಹಳೆಯ ಆಟವು ಹೊಸ ಕಾರ್ಡಿನಲ್ಲಿ ನೂರಾರು ಫ್ರೇಮ್‌ಗಳನ್ನು ವೃಥಾ ರಚಿಸಿ ತಾಪವನ್ನು ಹೆಚ್ಚಿಸಬಹುದು. ದರವನ್ನು 60ಕ್ಕೆ ಮಿತಿಗೊಳಿಸಿದರೆ ತಾಪ ಇಳಿಯುವುದಲ್ಲದೆ ಫ್ರೇಮ್‌ಗಳ ಅಂತರವೂ ಸಮವಾಗುತ್ತದೆ. ಆದರೆ ಆಟವೇ ವಿಧಿಸಿಕೊಂಡ ಮಿತಿಯನ್ನು ಮೀರುವುದು ಎಲ್ಲೆಡೆ ಸಲ್ಲದು. 2013ರ ನೀಡ್ ಫಾರ್ ಸ್ಪೀಡ್ ರೈವಲ್ಸ್‌ನ ಗತಿಯು 30 ಫ್ರೇಮ್‌ಗಳ ದರಕ್ಕೆ ಬೆಸೆದುಕೊಂಡಿದ್ದರಿಂದ, ಅದನ್ನು 60ಕ್ಕೇರಿಸಿದಾಗ ಆಟವೇ ಇಮ್ಮಡಿ ವೇಗದಲ್ಲಿ ಓಡುತ್ತಿತ್ತು. ಅಳತೆಗೆ ಮುನ್ನವೇ ಹೊಸ ಯಂತ್ರಾಂಶ ಕೊಂಡರೆ ಹಣ ವ್ಯಯವಾಗಿ ದೋಷ ಹಾಗೆಯೇ ಉಳಿಯಬಹುದು.