ಛತ್ರದ ಜೀರ್ಣೋದ್ಧಾರ

ಈಗ ವಿಜಯಪುರವೆನಿಸಿಕೊಂಡಿರುವ ಬಿಜಾಪುರದಲ್ಲಿ ಮುಸ್ತಫಾಖಾನನ ಸರಾಯ್ ಎಂಬ ವಿಶಾಲವಾದ ಕಟ್ಟಡವೊಂದುಂಟು. ಮಹಮ್ಮದ್ ಆದಿಲಶಾಹನ ಮಂತ್ರಿಯಾಗಿದ್ದ ಮುಸ್ತಫಾಖಾನನು ಸುಮಾರು 1640ರಲ್ಲಿ ದಾರಿಗರು ತಂಗುವುದಕ್ಕೆಂದು ಅದನ್ನು ಕಟ್ಟಿಸಿದನು. ಇಂಗ್ಲಿಷರ ಆಳಿಕೆಯಲ್ಲಿ ಅದೇ ಕಟ್ಟಡವು ಸೆರೆಮನೆಯಾಯಿತು. ಗೋಡೆಗಳು ಕೆಡಲಿಲ್ಲ, ಛತ್ರ ಮಾತ್ರ ಕೆಟ್ಟಿತು. ಹಳೆಯ ಛತ್ರವೊಂದನ್ನು ಎತ್ತಿನಿಲ್ಲಿಸಬೇಕೆನ್ನುವವರು ಮೊದಲು ನೆನೆಯಬೇಕಾದ ಸಂಗತಿಯಿದು.

ಬಿಜಾಪುರದಿಂದ ಗೋವೆಯ ಕಡೆಗೆ ಹೊರಟ ಹೇರೆತ್ತುಗಳ ಹಾದಿಯಲ್ಲಿ ಅಥಣಿಯಿತ್ತು. 1639ರ ಸುಮಾರಿನ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋನ ಬರೆಹದಲ್ಲಿ ಅದು ದೊಡ್ಡ ವ್ಯಾಪಾರಸ್ಥಳವೆಂದು ಹೆಸರಾಗಿದೆ. ಒಂದು ಹಗಲಿನಲ್ಲಿ ಮುಗಿಯದ ದಾರಿಯದು. ನಡುವೆ ನೀರು, ನೆರಳು, ಇರುಳಿಗೊಂದು ಭದ್ರವಾದ ಬಾಗಿಲು ಇಲ್ಲದಿದ್ದರೆ ವ್ಯಾಪಾರವೂ ಇಲ್ಲ, ಯಾತ್ರೆಯೂ ಇಲ್ಲ.

ಈ ಆಶ್ರಯವನ್ನು ಉಳಿಸುತ್ತಿದ್ದುದು ಕಲ್ಲಲ್ಲ, ದತ್ತಿ. ಕನ್ನಡನಾಡಿನ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುವುದು. ಒಡೆದು ಬಿರಿದುದನ್ನು ಸರಿಪಡಿಸುವ ವೆಚ್ಚಕ್ಕೆ, ಕಟ್ಟಡವು ಹೊಸದಾಗಿರುವಾಗಲೇ ಹೊಲಗದ್ದೆಯನ್ನು ಬಿಟ್ಟುಕೊಡುತ್ತಿದ್ದರೆಂದು ಅದರ ತಾತ್ಪರ್ಯ. ಸತ್ರಕ್ಕೂ ಅರವಟ್ಟಿಗೆಗೂ ಇಂಥ ಹುಟ್ಟುವಳಿಯೇ ಆಧಾರ.

ಆ ಆಧಾರವು ಕುಸಿದುದು ಹೇಗೆ? ಚಿಕ್ಕೋಡಿಯು 1827ರಲ್ಲಿ ಕೊಲ್ಲಾಪುರದಿಂದ ಕಂಪನಿಗೆ ಹೋಯಿತು. ಕಾಗವಾಡದ ಪಟವರ್ಧನರ ಜಹಗೀರು 1857ರಲ್ಲಿ ಮುಗಿಯಿತು. ರಾಯಬಾಗವು 1949ರವರೆಗೂ ಕೊಲ್ಲಾಪುರದ ಕೈಯಲ್ಲೇ ಇತ್ತು. ಕೆಲವು ಹರದಾರಿಗಳೊಳಗೆ ಹೀಗೆ ಹಲವು ಸರಕಾರಗಳು. ಅದರ ಮೇಲೆ, 1852ರ ಕಾನೂನಿನಂತೆ ಇನಾಮ್ ಕಮಿಷನ್ನು ದಕ್ಷಿಣ ಮರಾಠಾ ಸೀಮೆಯ ಹಕ್ಕುಪತ್ರಗಳನ್ನು ವಿಚಾರಿಸಿ, ಅನೇಕ ಇನಾಮು ಭೂಮಿಗಳನ್ನು ಸರಕಾರಕ್ಕೆ ಸೇರಿಸಿಕೊಂಡಿತು. ಭೂಮಿಯನ್ನು ಕಳೆದುಕೊಂಡ ಧರ್ಮಕ್ಕೆ ದೀಪದೆಣ್ಣೆ ಎಲ್ಲಿಯದು?

ರೈಲು ಬಂದುದರಿಂದ ಛತ್ರಗಳು ಹಾಳಾದುವೆಂದು ಹೇಳುವರು. ಕುಡಚಿ, ಚಿಂಚಲಿ, ರಾಯಬಾಗಗಳ ಮೇಲೆ ಹಾದ ರೈಲುದಾರಿಯು ಗಾಡಿಯ ಪಯಣವನ್ನು ಕುಗ್ಗಿಸಿದುದು ದಿಟ. ಆದರೆ ಇದು ಅರ್ಧ ಸತ್ಯ. ಬೆಂಗಳೂರಿನ ವ್ಯಾಪಾರಿ ಗುಬ್ಬಿ ತೋಟದಪ್ಪನವರು ತಮ್ಮ ಧರ್ಮಛತ್ರವನ್ನು ರೈಲು ನಿಲ್ದಾಣದ ಬಳಿಯಲ್ಲೇ ಕಟ್ಟಿಸಿದರು. 1903ರಲ್ಲಿ ತೆರೆದ ಆ ಛತ್ರಕ್ಕೆ ತಮ್ಮ ಆಸ್ತಿಯನ್ನು ದತ್ತಿಯಾಗಿ ಬಿಟ್ಟುಹೋದರು. ಪ್ರಯಾಣಿಕನು ಹೋದಲ್ಲಿಗೆ ಛತ್ರವೂ ಹೋಯಿತು, ದತ್ತಿಯಿದ್ದುದರಿಂದ ಬಾಳಿತು.

ಇಂದು ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯಲ್ಲಿ ಹಳೆಯ ಧರ್ಮಶಾಲೆಯೊಂದನ್ನು ಸರಿಪಡಿಸಹೊರಟರೆ ಕಲ್ಲುಕುಟಿಗನ ಕೆಲಸವು ಕಷ್ಟದ್ದಲ್ಲ. ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಗೋಡೆಯನ್ನು ತಿನ್ನುವುದು. ಸುಣ್ಣದ ಗಚ್ಚಾದರೆ ಒಣಗಗೊಡುವುದು. ಗಚ್ಚೆಂದರೇನೆಂಬುದನ್ನು ಅಥಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಗಚ್ಚಿನ ಮಠದ ಹೆಸರಿನಲ್ಲೇ ಆ ಮಾತಿದೆ.

ಕಷ್ಟವಾದುದು ಬೇರೆ. ಅಲ್ಲಿ ಮಲಗುವವರು ಯಾರು? ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬರುವ ಭಕ್ತರುಂಟು. ಆಷಾಢದಲ್ಲಿ ಪಂಢರಪುರಕ್ಕೆ ಕಾಲ್ನಡೆಯಿಂದ ಹೋಗುವವರುಂಟು. ಸುಗ್ಗಿಯಲ್ಲಿ ಮಕ್ಕಳುಮರಿಗಳೊಡನೆ ಬಂದು ಹೊಲದಂಚಿನ ಗುಡಿಸಲುಗಳಲ್ಲಿ ಇರುಳು ಕಳೆಯುವ ಕಬ್ಬು ಕಡಿಯುವ ಕೂಲಿಗಳುಂಟು. ಇವರಿಗೆ ಬಾಗಿಲು ತೆರೆಯದೆ, ನೋಡಿ ಹೋಗುವವರಿಗಾಗಿ ಮಾತ್ರ ಬಣ್ಣ ಹಚ್ಚಿದ ಕಟ್ಟಡವನ್ನು ಛತ್ರವೆಂದು ಕರೆಯುವುದು ಹೇಗೆ? ನಾಳೆ ಅದು ಗೋದಾಮಾದರೂ ಆದೀತು, ಸೆರೆಮನೆಯಾದರೂ ಆದೀತು.

ಆದುದರಿಂದ ಸುಣ್ಣವನ್ನು ಅರೆಯುವುದಕ್ಕೆ ಮೊದಲು ಊರಿನವರು ಕುಳಿತು ಎರಡು ವಿಷಯಗಳನ್ನು ನಿಶ್ಚಯಿಸಿಕೊಳ್ಳಲಿ: ವರ್ಷವರ್ಷವೂ ಹಂಚು ಹೊದಿಸುವ ಹಣವು ಯಾವ ಹುಟ್ಟುವಳಿಯಿಂದ ಬರಬೇಕು, ಅದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು. ನಮ್ಮ ಹಿರಿಯರು ಶಾಸನದ ಕಲ್ಲಿನಲ್ಲಿ ಮೊದಲು ಕೊರೆಯಿಸುತ್ತಿದ್ದುದೂ ಇದನ್ನೇ.