ಜಾಮೀನುದಾರನಿಲ್ಲದ ಕೈದಿ: ಕಲಬುರಗಿ ಸೀಮೆಯಿಂದ ಸೆರೆಮನೆ ಕಾನೂನಿನ ಒಂದು ಚರಿತ್ರೆ

ಸೆರೆಮನೆ ಕಾನೂನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗೋಡೆಯ ಒಳಗಿನ ಸಂಗತಿಗಳನ್ನೇ ಹಿಡಿಯುತ್ತಾರೆ: ಊಟ, ಬಟ್ಟೆ, ಕೂಲಿ, ಬೇಡಿ, ಏಕಾಂತವಾಸ. ಈ ಲೇಖನ ಹಿಡಿಯುವುದು ಗೇಟಿನ ಸಂಗತಿಯನ್ನು. ನ್ಯಾಯಾಲಯ ಜಾಮೀನು ಕೊಟ್ಟರೂ ಜಾಮೀನುದಾರ ಸಿಗದೆ ಒಳಗೇ ಉಳಿದವನಿಗೆ ಯಾವ ಕಾಲದ ಕಾನೂನು ಏನು ಹೇಳಿತು ಎಂಬುದು ಇಲ್ಲಿಯ ಪ್ರಶ್ನೆ.

ಅದನ್ನು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರಿನ ಕಡೆಯಿಂದ ಕೇಳಲು ಕಾರಣವಿದೆ. ಮುಲ್ಲಾಮಾರಿ ನದಿಯ ಸೀಮೆಯ ಈ ಊರು ತೆಲಂಗಾಣದ ಗಡಿಗೆ ಹತ್ತಿರ, ಜಿಲ್ಲಾ ಕೇಂದ್ರ ಕಲಬುರಗಿಗೆ ದೂರ. ಸುತ್ತ ತೊಗರಿ ಹೊಲಗಳು, ಲಂಬಾಣಿ ತಾಂಡಾಗಳು. ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವ ಜನ. ಕೈದಿಯ ಹಕ್ಕುಗಳು ಬೆಳೆಯುತ್ತ ಬಂದ ಅರ್ಧ ಶತಮಾನದಲ್ಲೇ ತೀರ್ಪಾಗದೆ ಒಳಗಿರುವವರ ಪ್ರಮಾಣವೂ ಬೆಳೆಯಿತು. ಆಸ್ತಿಯುಳ್ಳ ಹತ್ತಿರದವನೊಬ್ಬ ಎಲ್ಲರಿಗೂ ಇದ್ದೇ ಇರುತ್ತಾನೆ ಎಂಬ ಊಹೆಯ ಮೇಲೆ ಬಿಡುಗಡೆಯ ಕಾನೂನು ನಿಂತಿರುವುದು ಇದಕ್ಕೆ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಮರತೂರಿನ ಶಾಸ್ತ್ರಕಾರ

ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರು ಎಂಬುದು ಈ ಭಾಗದ ನಂಬಿಕೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. 1810ರಲ್ಲಿ ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಬ್ರಿಟಿಷ್ ನ್ಯಾಯಾಲಯಗಳಿಗೆ ಬೇಕಾದದ್ದೂ ಅಷ್ಟೇ. ಹೀಗಾಗಿ ಇಂದಿಗೂ ಮಿತಾಕ್ಷರಾ ಎಂದರೆ ಆಸ್ತಿ ಪಾಲಿನ ಮಾತು.

ಆದರೆ ಅದರ ವ್ಯವಹಾರ ಭಾಗದಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಜಾಗವೊಂದಿದೆ. ವ್ಯಾಜ್ಯ ಹೂಡಿದವನೂ ಎದುರಾಳಿಯೂ ಸಮರ್ಥ ಹೊಣೆಗಾರನನ್ನು ಕೊಡಬೇಕು ಎನ್ನುತ್ತದೆ ಸ್ಮೃತಿ. ಹೊಣೆಗಾರ ಸಿಗದಿದ್ದರೆ? ವಿಜ್ಞಾನೇಶ್ವರ ಇಲ್ಲಿ ಇನ್ನೊಬ್ಬ ಸ್ಮೃತಿಕಾರ ಕಾತ್ಯಾಯನನ ಮತವನ್ನು ತರುತ್ತಾನೆ: ಅಂಥವನನ್ನು ಕಾವಲಿನಲ್ಲಿಡಬೇಕು, ಸಂಜೆಗೆ ಕಾವಲಿನವನ ಕೂಲಿಯನ್ನು ಅವನೇ ತೆರಬೇಕು. ಇದು ಇಂದಿನ ಕ್ರಿಮಿನಲ್ ಜಾಮೀನಿನಂಥದ್ದಲ್ಲ. ತೀರ್ಪಿಗೆ ಇಬ್ಬರೂ ಬದ್ಧರಾಗಿರಲಿ ಎಂಬ ಏರ್ಪಾಡು. ಆದರೂ ಎರಡು ಸಂಗತಿ ಗಮನಾರ್ಹ. ಕಾವಲಿಗೆ ಕಾರಣ ತಪ್ಪಲ್ಲ, ಹೊಣೆಗಾರನ ಕೊರತೆ. ಆ ಕಾವಲಿನ ಖರ್ಚೂ ಕೊರತೆಯಿದ್ದವನ ಮೇಲೇ ಬೀಳುತ್ತದೆ.

ನಿಜಾಮರ ಆಡಳಿತದಲ್ಲಿ

ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ದಿವಾನ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲ್ಲಾಬಂದಿ ಮಾಡಿ ಕಂದಾಯ, ಪೊಲೀಸು, ನ್ಯಾಯ, ಜೈಲುಗಳನ್ನು ಖಾತೆಗಳಾಗಿ ಕಟ್ಟಿದ. ಹೈದರಾಬಾದಿನ ಚಂಚಲಗೂಡ ಜೈಲು 1876ರದು. 1921ರಲ್ಲಿ ಸಂಸ್ಥಾನ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ಬ್ರಿಟಿಷ್ ಭಾರತ ಇನ್ನೂ ಅದರ ಚರ್ಚೆಯಲ್ಲೇ ಇತ್ತು. ಆದರೆ ಜಾಗೀರುಗಳಿಗೆ ತಮ್ಮದೇ ಅಧಿಕಾರವಿತ್ತು, 1949ರಲ್ಲಿ ಅವು ರದ್ದಾಗುವವರೆಗೆ. ನ್ಯಾಯಾಲಯದ ಭಾಷೆ ಉರ್ದು. ಕನ್ನಡ ಬಿಟ್ಟು ಬೇರೆ ತಿಳಿಯದ ರೈತನ ಹೇಳಿಕೆ ಅವನು ಓದಲಾರದ ಲಿಪಿಯಲ್ಲಿ ದಾಖಲಾಗುತ್ತಿತ್ತು.

ಗುಲ್ಬರ್ಗಾ (ಇಂದಿನ ಕಲಬುರಗಿ) ಜೈಲು ದೇಶದ ಗಮನಕ್ಕೆ ಬಂದದ್ದು 1939ರಲ್ಲಿ. ನಿಜಾಮ ಸರಕಾರದ ವಿರುದ್ಧ ಆರ್ಯ ಸಮಾಜ ನಡೆಸಿದ ಸತ್ಯಾಗ್ರಹದ ಮೊದಲ ಸರ್ವಾಧಿಕಾರಿ ಮಹಾತ್ಮಾ ನಾರಾಯಣ ಸ್ವಾಮಿ ಆ ವರ್ಷ ಫೆಬ್ರವರಿಯಲ್ಲಿ ಗುಲ್ಬರ್ಗಾದಲ್ಲಿ ಬಂಧಿತರಾದರು. ಚಳವಳಿ ನಿಂತು ಕೈದಿಗಳು ಹೊರಬಂದದ್ದು ಆಗಸ್ಟ್‌ನಲ್ಲಿ. ಸತ್ಯಾಗ್ರಹಿಗಳ ಹಿಂದೆ ಪತ್ರಿಕೆಗಳಿದ್ದವು, ಸಂಘಟನೆಯಿತ್ತು. ಅವರ ಸೆರೆವಾಸ ಬರಹಕ್ಕೆ ಬಂತು. ಅದೇ ಬ್ಯಾರಕ್ಕುಗಳಲ್ಲಿ ಸಣ್ಣ ಕಳವು, ಜಗಳಗಳ ಆರೋಪ ಹೊತ್ತು ಇದ್ದವರ ಚರಿತ್ರೆ ಆ ಬರಹಗಳ ಅಂಚಿನಲ್ಲಷ್ಟೇ ಸಿಗುತ್ತದೆ. ರಾಜಕೀಯ ಕೈದಿಯ ಅನುಭವವನ್ನೇ ಎಲ್ಲ ಕೈದಿಗಳ ಅನುಭವವೆಂದು ಓದುವ ರೂಢಿಯನ್ನು ಸಂಶೋಧಕರು ಬಿಡಬೇಕಾಗಿದೆ.

ಒಂದು ರಾಜ್ಯ, ಒಂದು ಕಾಯಿದೆ

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಬಂತು. 1951ರ ಏಪ್ರಿಲ್ 1ರಿಂದ ಭಾರತೀಯ ದಂಡ ಸಂಹಿತೆ ಮತ್ತು ದಂಡ ಪ್ರಕ್ರಿಯಾ ಸಂಹಿತೆ ಇಲ್ಲಿಗೂ ಅನ್ವಯವಾದವು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಂವಿಧಾನದಲ್ಲಿ ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಬೇರೆಬೇರೆ ಜೈಲು ಕಾನೂನು ನಡೆಯುತ್ತಿದ್ದುದರಿಂದ 1963ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾರಾಗೃಹ ಕಾಯಿದೆ ಬಂತು. 1974ರಲ್ಲಿ ನಿಯಮಗಳು ಬಂದವು.

ಕಾಯಿದೆಯ ಅಚ್ಚು ಮಾತ್ರ ಬ್ರಿಟಿಷರ 1894ರ ಕಾರಾಗೃಹ ಕಾಯಿದೆಯದೇ. ಅದು ಅಧಿಕಾರಿಗಳ ಕರ್ತವ್ಯ ಹೇಳುತ್ತದೆ, ಕೈದಿಯ ಅಪರಾಧ ಮತ್ತು ಶಿಕ್ಷೆಗಳನ್ನು ಪಟ್ಟಿ ಮಾಡುತ್ತದೆ. ಹಕ್ಕಿನ ಭಾಷೆ ವಿರಳ. ತೀರ್ಪಾಗದವರನ್ನು ಸಜಾ ಕೈದಿಗಳಿಂದ ಬೇರೆ ಇಡಬೇಕು, ಅವರು ಮನೆಯಿಂದ ಊಟ, ಬಟ್ಟೆ ತರಿಸಿಕೊಳ್ಳಬಹುದು ಎಂಬ ರಿಯಾಯಿತಿ 1894ರಿಂದಲೂ ಇದೆ. ಆದರೆ ಬುತ್ತಿ ಮುಟ್ಟಿಸುವಷ್ಟು ಹತ್ತಿರ ಮನೆಯಿದ್ದವರಿಗೆ ಮಾತ್ರ ಅದು ರಿಯಾಯಿತಿ. ಚಿಮ್ಮನಚೋಡದಿಂದ ಕಲಬುರಗಿಗೆ ಹೋಗಿಬರಲು ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋಗುತ್ತದೆ.

ಮಧ್ಯಪ್ರದೇಶದ ಗಾರೆಯವನು, ಬೆಂಗಳೂರಿನ ಕೈದಿ

ತಿರುವು ಬಂದದ್ದು ಶಾಸನಸಭೆಯಿಂದಲ್ಲ, ನ್ಯಾಯಾಲಯಕ್ಕೆ ಹೋದ ಅರ್ಜಿಗಳಿಂದ. ತುರ್ತುಪರಿಸ್ಥಿತಿ ಮುಗಿದ ಮೇಲೆ ಸುಪ್ರೀಂ ಕೋರ್ಟು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೆಯ ವಿಧಿಯನ್ನು ಜೈಲಿನೊಳಗೂ ಓದತೊಡಗಿತು. 1978ರ ಮೋತಿರಾಮ್ ಪ್ರಕರಣ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಗಾರೆ ಕೆಲಸದ ಮೋತಿರಾಮನಿಗೆ ಜಾಮೀನು ಸಿಕ್ಕಿತ್ತು, ಆದರೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣತಮ್ಮನ ಹೊಣೆಯನ್ನು, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ದೂರದೂರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ಮಲಯಾಳಿಯೋ ಅಲ್ಲೇ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆ ಆ ತೀರ್ಪಿನಲ್ಲೇ ಇದೆ. ಪುಣೆಯಲ್ಲಿ ಬಂಧಿತನಾದ ಚಿಂಚೋಳಿಯ ಕೂಲಿಯವನ ಪ್ರಶ್ನೆಯೂ ಅದೇ.

ಮರುವರ್ಷ ಬಿಹಾರದ ಹುಸೇನಾರಾ ಖಾತೂನ್ ಪ್ರಕರಣ ಬಂತು. ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯನ್ನೂ ಮೀರಿ ವಿಚಾರಣೆಯಿಲ್ಲದೆ ಕೊಳೆತವರ ಸಂಗತಿ ಅದರಲ್ಲಿ ಹೊರಬಿತ್ತು. ತ್ವರಿತ ವಿಚಾರಣೆ ಮೂಲಭೂತ ಹಕ್ಕಿನ ಭಾಗವಾಯಿತು.

ಕರ್ನಾಟಕದ ಪಾಲಿನ ದಾಖಲೆಯೆಂದರೆ ರಾಮಮೂರ್ತಿ ಪ್ರಕರಣ. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ದುಡಿಮೆಗೆ ತಕ್ಕ ಕೂಲಿ ಸಿಗುತ್ತಿಲ್ಲವೆಂಬುದು ಮುಖ್ಯ ದೂರು. ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ಎತ್ತಿಕೊಂಡಿತು, ಜಿಲ್ಲಾ ನ್ಯಾಯಾಧೀಶರಿಂದ ಜೈಲು ತಪಾಸಣೆ ಮಾಡಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 23ರಂದು. ನ್ಯಾಯಮೂರ್ತಿ ಬಿ.ಎಲ್. ಹಂಸಾರಿಯಾ ಒಂಬತ್ತು ಸಮಸ್ಯೆಗಳನ್ನು ಗುರುತಿಸಿದರು. ಮೊದಲನೆಯದು ದಟ್ಟಣೆ, ಎರಡನೆಯದು ವಿಚಾರಣೆಯ ವಿಳಂಬ. ಕೂಲಿಯ ದೂರಿನಿಂದ ಹೊರಟ ಕಾಗದ ಹನ್ನೆರಡು ವರ್ಷಗಳ ನಂತರ ಬಂದು ಮುಟ್ಟಿದ್ದು ಜಾಮೀನಿನ ಪ್ರಶ್ನೆಗೆ. ಆ ಹಳೆಯ ಜೈಲಿನ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ.

ಅಂಕಿಗಳು ಬೇರೆ ದಿಕ್ಕಿಗೆ ಹೋದವು. 1975ರ ಜನವರಿ 1ರಂದು ದೇಶದ ಜೈಲುಗಳಲ್ಲಿದ್ದ 2,20,146 ಜನರಲ್ಲಿ 1,26,772 ಮಂದಿ, ಅಂದರೆ ಶೇ 57.6, ವಿಚಾರಣಾಧೀನರು ಎಂದು ಕಾನೂನು ಆಯೋಗದ 78ನೆಯ ವರದಿ ದಾಖಲಿಸಿದೆ. 2022ರ ಕೊನೆಗೆ 5,73,220 ಜನರಲ್ಲಿ ಅವರು 4,34,302, ಶೇ 75.8.

ಪಹಣಿಯ ಲೋಕ

ಹಕ್ಕು ಎಲ್ಲಿ ಸೋರುತ್ತದೆ ಎಂಬುದು ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾಣುತ್ತದೆ. ಜಾಮೀನು ಆದೇಶ ಬಂದ ದಿನ ಮನೆಯವರು ವಕೀಲರನ್ನು ಕೇಳುವ ಮೊದಲ ಪ್ರಶ್ನೆ, ಎಷ್ಟು ಶ್ಯೂರಿಟಿ ಬೇಕು ಎಂಬುದು. ಹೊಣೆ ನಿಲ್ಲುವವನು ತನ್ನ ಹೆಸರಿನ ಪಹಣಿ, ಆಧಾರ್, ಫೋಟೊ ಹಿಡಿದು ಬರಬೇಕು, ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಸಾಹೇಬರು ಕೂಗುವವರೆಗೆ ಕಾಯಬೇಕು. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಆ ದಿನ ಹೋದಂತೆಯೇ. ಎಲ್ಲ ಸರಿಯಾದರೂ ಬಿಡುಗಡೆ ಆದೇಶ ಸಂಜೆ ಲಾಕಪ್‌ಗೆ ಮುಂಚೆ ಜೈಲು ತಲುಪಬೇಕು; ತಪ್ಪಿದರೆ ಮತ್ತೊಂದು ರಾತ್ರಿ. ತೊಗರಿ ರಾಶಿಯ ದಿನಗಳಲ್ಲಿ ಇಷ್ಟಕ್ಕೆಲ್ಲ ಬಿಡುವು ಮಾಡಿಕೊಳ್ಳುವ ನೆಂಟ ಅಪರೂಪ. ಬಾಡಿಗೆ ಜಾಮೀನುದಾರರ ದಂಧೆ ಹುಟ್ಟುವುದು ಇಲ್ಲಿಯೇ.

ತಾಂಡಾಗಳ ಸ್ಥಿತಿ ಇನ್ನೂ ಬಿಗಿ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿದರು. ದಾಖಲೆಯಲ್ಲಿಲ್ಲದ ಸುಮಾರು 1,475 ಜನವಸತಿಗಳು ಕಂದಾಯ ಗ್ರಾಮಗಳಾದವು. ಇದನ್ನು ವಸತಿಯ ಸುದ್ದಿಯಾಗಿ ಓದಿದವರೇ ಹೆಚ್ಚು. ಸೆರೆಮನೆಯ ಕಡೆಯಿಂದ ಓದಿದರೆ ಅರ್ಥ ಬೇರೆ: ಅಲ್ಲಿಯವರೆಗೆ ಅಷ್ಟೊಂದು ಮನೆಗಳವರು ತಮ್ಮ ಮನೆಯ ಕಾಗದ ತೋರಿಸಿ ತಮ್ಮವರಿಗೆ ಹೊಣೆ ನಿಲ್ಲುವಂತಿರಲಿಲ್ಲ.

ಈಚಿನ ತಿದ್ದುಪಡಿಗಳು

ಕಾನೂನು ಇದನ್ನು ಕಂಡಿಲ್ಲವೆಂದಲ್ಲ. ಜಾಮೀನೀಯ ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 2005ರ ತಿದ್ದುಪಡಿ ಹೇಳಿತು. ಗರಿಷ್ಠ ಶಿಕ್ಷೆಯ ಅರ್ಧ ಕಳೆದವರ ಬಿಡುಗಡೆಗೂ ಆಗಲೇ ದಾರಿಯಾಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ ಹಿಂದೆಂದೂ ಅಪರಾಧಿಯೆಂದು ತೀರ್ಪಾಗದವರಿಗೆ ಅದನ್ನು ಮೂರನೆಯ ಒಂದಕ್ಕೆ ಇಳಿಸಿತು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಅದು ಸಲ್ಲದು. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಹೈಕೋರ್ಟ್ 2013ರ ಆಗಸ್ಟ್ 31ರಿಂದ ಕಾಯಂ ಪೀಠವಾಯಿತು. ಹೈಕೋರ್ಟಿನ ಜಾಮೀನು ಅರ್ಜಿಗೆ ಬೆಂಗಳೂರಿನ ದಾರಿ ಹಿಡಿಯುವುದು ತಪ್ಪಿತು. ಜಾಮೀನು ಕಟ್ಟಲಾಗದ ಬಡ ವಿಚಾರಣಾಧೀನರಿಗೆ ಆರಂಭದಲ್ಲಿ 40,000 ರೂಪಾಯಿವರೆಗೆ ನೆರವು ಗೊತ್ತುಮಾಡಿದ ಕೇಂದ್ರದ ಯೋಜನೆ 2023ರಲ್ಲಿ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ. ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಬಾರದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬೇಡ ಎಂದೂ ಅದು ಸೂಚಿಸಿತು. ಮೋತಿರಾಮನ ತೀರ್ಪಾಗಿ ನಲವತ್ತನಾಲ್ಕು ವರ್ಷಗಳ ನಂತರವೂ ಅದೇ ಮಾತನ್ನು ಹೇಳಬೇಕಾಯಿತು ಎಂಬುದೇ ಆ ತೀರ್ಪು ಕೆಳಗಿನ ಕೋರ್ಟುಗಳಿಗೆ ಎಷ್ಟು ಇಳಿಯಿತೆಂಬುದಕ್ಕೆ ಸಾಕ್ಷಿ.

ಸಮಾರೋಪ

ಊಟ, ಚಿಕಿತ್ಸೆ, ಬೇಡಿ, ಕೂಲಿಗಳ ಹಕ್ಕನ್ನು ಕೈದಿ ತಾನೇ ಅರ್ಜಿ ಬರೆದು ಕೇಳಬಹುದು. ರಾಮಮೂರ್ತಿ ಪ್ರಕರಣ ಅದಕ್ಕೆ ಉದಾಹರಣೆ. ಬಿಡುಗಡೆಯ ಹಕ್ಕನ್ನು ಮಾತ್ರ ಹೊರಗಿನವನೊಬ್ಬ ತನ್ನ ಆಸ್ತಿಯ ಕಾಗದ ತಂದು ಪೂರ್ತಿಗೊಳಿಸಬೇಕು. ಹನ್ನೆರಡನೆಯ ಶತಮಾನದ ವ್ಯಾಖ್ಯಾನಕಾರನಿಂದ ಇಂದಿನ ತಾಲ್ಲೂಕು ಕೋರ್ಟಿನವರೆಗೆ ಬದಲಾಗದೆ ಉಳಿದ ಅಂಶ ಇದು. ಬಾಂಡಿನ ಮೊತ್ತ ಪ್ರಕರಣದ ಸಂದರ್ಭಕ್ಕೆ ತಕ್ಕಂತಿರಬೇಕು, ವಿಪರೀತವಾಗಬಾರದು ಎಂದು ಹಳೆಯ ಸಂಹಿತೆಯೂ ಹೇಳಿತ್ತು, ಹೊಸದೂ ಹೇಳುತ್ತದೆ. ಹಾಗಾದರೆ ಆರೋಪಿಯ ಸ್ಥಿತಿಗತಿಯನ್ನು ಮೊದಲ ರಿಮಾಂಡ್ ದಿನವೇ ವಿಚಾರಿಸಿ ಬರೆದಿಡಬೇಕು, ಶ್ಯೂರಿಟಿ ತಪ್ಪಿದ ಮೇಲಲ್ಲ.

ಮುಂದಿನ ಸಂಶೋಧನೆಗೆ ಆಕರವೂ ಸಿದ್ಧವಿದೆ. 2023ರ ಆದೇಶದ ಪ್ರಕಾರ ಜಾಮೀನು ಸಿಕ್ಕ ದಿನಾಂಕವನ್ನು ಜೈಲು ಅಧೀಕ್ಷಕರು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಿಸಬೇಕು. ಬಿಡುಗಡೆಯ ದಿನಾಂಕ ಜೈಲಿನ ದಾಖಲೆಯಲ್ಲಿ ಇದ್ದೇ ಇರುತ್ತದೆ. ಈ ಎರಡರ ನಡುವಿನ ಅಂತರವನ್ನು ಹೆಸರುಗಳಿಲ್ಲದೆ ತಾಲ್ಲೂಕುವಾರು ಪ್ರಕಟಿಸಿದರೆ ಚಿಂಚೋಳಿಯ ಕೈದಿ ಬೆಂಗಳೂರಿನವನಿಗಿಂತ ಎಷ್ಟು ದಿನ ಹೆಚ್ಚು ಒಳಗಿದ್ದ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಸೆರೆಮನೆ ಸುಧಾರಣೆಯ ವರದಿಗಳು ಇನ್ನು ಮುಂದೆ ಕೊಠಡಿಗಳ ಸಾಮರ್ಥ್ಯದ ಪಕ್ಕದಲ್ಲಿ ಈ ಅಂಕಿಯನ್ನೂ ಕೊಡಬೇಕು.