ಕುತ್ತಿಗೆಯಲ್ಲಿ ಕಾಣುವ ಕಣ್ಣಿನ ದೋಷ: ರೋಣ, ನರಗುಂದ, ಗಜೇಂದ್ರಗಡದ ಹಿನ್ನೆಲೆಯಲ್ಲಿ ಲಂಬ ಮೆಳ್ಳಗಣ್ಣು

ಮೆಳ್ಳಗಣ್ಣು ಎಂದೊಡನೆ ಮೂಗಿನತ್ತಲೋ ಕಿವಿಯತ್ತಲೋ ಸರಿದ ಕಣ್ಣು ನೆನಪಾಗುತ್ತದೆ. ಒಂದು ಕಣ್ಣು ಇನ್ನೊಂದಕ್ಕಿಂತ ತುಸು ಮೇಲೆ ನಿಲ್ಲುವ ಲಂಬ ಮೆಳ್ಳಗಣ್ಣು ಮಾತ್ರ ಬೇಗ ಗೊತ್ತಾಗುವುದಿಲ್ಲ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಶಾಲೆ, ಶಿಬಿರಗಳಲ್ಲಿ ಇದನ್ನು ಹಿಡಿಯಬೇಕಾದರೆ ಕಣ್ಣಿನ ಜೊತೆಗೆ ಕುತ್ತಿಗೆಯನ್ನೂ ನೋಡಬೇಕು ಎಂಬುದು ಈ ಲೇಖನದ ವಾದ.

ಪ್ರತಿ ಕಣ್ಣನ್ನು ಆರು ಸ್ನಾಯುಗಳು ತಿರುಗಿಸುತ್ತವೆ. ಅವುಗಳಲ್ಲಿ ಮೇಲಿನ ಓರೆ ಸ್ನಾಯು, ಬಾವಿಯ ಗಡಗಡಿಯ ಮೇಲೆ ಹಗ್ಗ ಹಾದಂತೆ, ಮೂಗಿನ ಬದಿಯ ಕುಣಿಕೆಯೊಂದರಲ್ಲಿ ಹಾದು ಕಣ್ಣನ್ನು ಕೆಳಕ್ಕೆ ಹೊರಳಿಸುತ್ತದೆ. ಇದನ್ನು ನಡೆಸುವ ನಾಲ್ಕನೆಯ ಕಪಾಲ ನರ ಬಲು ತೆಳು. ಮಿದುಳುಕಾಂಡದ ಹಿಂಬದಿಯಿಂದ ಹೊರಟು ತಲೆಬುರುಡೆಯೊಳಗೆ ಬಹುದೂರ ಸಾಗುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಅದು ಘಾಸಿಗೊಳ್ಳುವುದುಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡದಿಂದಲೂ ಕುಂದಬಹುದು. ಕೆಲವರಿಗೆ ದೋಷ ಹುಟ್ಟಿನಿಂದಲೇ ಇರುತ್ತದೆ.

ಈ ಸ್ನಾಯು ಸೋತಾಗ ಒಂದು ವಸ್ತು ಎರಡಾಗಿ ಕಾಣಬಹುದು. ಈ ತೊಂದರೆ ಹೆಚ್ಚಾಗುವುದು ಕೆಳಗೆ ನೋಡುವಾಗ. ಗಜೇಂದ್ರಗಡದ ನೇಕಾರರ ದುಡಿಮೆ ಮಗ್ಗದ ಎಳೆಗಳ ಮೇಲೆ ಬಾಗಿ ನಡೆಯುವಂಥದ್ದು. ಹೊಲದ ಕಳೆ ಕೀಳುವುದೂ ಹಾಗೆಯೇ. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ಗುಡಿಯ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಂಡರೆ ಕಾಲಿಡುವುದೆಲ್ಲಿ?

ಎರಡು ಬಿಂಬಗಳನ್ನು ಮೇಲೆ–ಕೆಳಗೆ ಹೊಂದಿಸುವ ಶಕ್ತಿ ಮಿದುಳಿಗೆ ಸಾಮಾನ್ಯವಾಗಿ 2–3 ಪ್ರಿಸಂ ಡಯಾಪ್ಟರ್ (ಬಿಂಬ ಎಷ್ಟು ಸರಿದಿದೆ ಎಂಬುದರ ಅಳತೆ) ಮಾತ್ರ. ಹುಟ್ಟಿನಿಂದ ದೋಷವಿದ್ದವರಲ್ಲಿ ಈ ಶಕ್ತಿ ಹಲವು ಪಟ್ಟು ಬೆಳೆದಿರುತ್ತದೆ. ಜೊತೆಗೆ ಅವರು ತಲೆಯನ್ನು ದೋಷವಿರುವ ಕಣ್ಣಿನ ಎದುರು ಬದಿಯ ಭುಜದ ಕಡೆಗೆ ವಾಲಿಸಿ, ಬಿಂಬಗಳನ್ನು ಕೂಡಿಸಿಕೊಳ್ಳುತ್ತಾರೆ. ನಡುವಯಸ್ಸಿನಲ್ಲಿ ಆ ಶಕ್ತಿ ಸೋತಾಗ ಎರಡೆರಡು ಕಾಣತೊಡಗುತ್ತದೆ. ಆಗ ವೈದ್ಯರು ಹಳೆಯ ಫೋಟೊ ಕೇಳುವುದು ಇದಕ್ಕೇ: ಶಾಲೆಯ ಗುಂಪುಚಿತ್ರದಲ್ಲೂ ಮದುವೆಯ ಫೋಟೊದಲ್ಲೂ ತಲೆ ಒಂದೇ ಕಡೆ ವಾಲಿದ್ದರೆ ದೋಷ ಹಳೆಯದು.

ಶಿಬಿರಗಳ ಸಾಮಾನ್ಯ ತಪಾಸಣೆಯಲ್ಲಿ ಮಾತ್ರ ಈ ದೋಷ ತಪ್ಪಿಹೋಗಬಹುದು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರ ಶಿಬಿರಗಳು ಪೊರೆಯ ಶಸ್ತ್ರಚಿಕಿತ್ಸೆಯನ್ನು ಹಳ್ಳಿಗರ ಬಳಿಗೆ ತಂದವು. ಪೊರೆ, ಚಷ್ಮಾ ಪತ್ತೆಗೆ ಅಕ್ಷರಫಲಕ ಸಾಕು. ಆದರೆ ಆ ಪರೀಕ್ಷೆಯಲ್ಲಿ ಒಂದೊಂದೇ ಕಣ್ಣನ್ನು ಮುಚ್ಚಿ ಓದಿಸುತ್ತಾರೆ. ಎರಡೂ ಕಣ್ಣು ಕೂಡಿದಾಗಷ್ಟೇ ಹುಟ್ಟುವ ದೋಷ ಆ ಹೊತ್ತಿಗೆ ಮಾಯವಾಗಿರುತ್ತದೆ.

ಈ ದೋಷ ಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ವಾಲಿದ ತಲೆಯ ಮಗುವಿನ ಒಂದು ಕಣ್ಣು ಮುಚ್ಚಿದಾಗ ತಲೆ ನೆಟ್ಟಗಾದರೆ, ಕುತ್ತಿಗೆಗೆ ಎಣ್ಣೆ ತಿಕ್ಕಿಸುವ ಬದಲು ಕಣ್ಣಿನ ವೈದ್ಯರಲ್ಲಿಗೆ ಒಯ್ಯಬೇಕು. ಯಾವ ಕಣ್ಣು ಮೇಲಿದೆ, ಎತ್ತ ನೋಡಿದಾಗ ಅಂತರ ಹೆಚ್ಚುತ್ತದೆ, ತಲೆಯನ್ನು ಎತ್ತ ವಾಲಿಸಿದಾಗ ಹೆಚ್ಚುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಸೋತ ಸ್ನಾಯುವನ್ನು ಗುರುತಿಸುವ ಕ್ರಮವನ್ನು ಅಮೆರಿಕದ ಮಾರ್ಷಲ್ ಪಾರ್ಕ್ಸ್ 1958ರಲ್ಲೇ ವಿವರಿಸಿದ್ದರು.

ಅಂತರ ಸಣ್ಣದಿದ್ದರೆ ಪ್ರಿಸಂ ಚಷ್ಮಾ, ದೊಡ್ಡದಿದ್ದರೆ ಸ್ನಾಯುವಿನ ಶಸ್ತ್ರಚಿಕಿತ್ಸೆ. ಸಕ್ಕರೆ ಕಾಯಿಲೆಯಿಂದ ಬಂದದ್ದು ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಇದ್ದಕ್ಕಿದ್ದಂತೆ ಎರಡೆರಡು ಕಂಡು, ಜೊತೆಗೆ ತೀವ್ರ ತಲೆನೋವು ಬಂದರೆ ಅಥವಾ ರೆಪ್ಪೆ ಜೋತುಬಿದ್ದರೆ ಶಿಬಿರಕ್ಕಾಗಿ ಕಾಯದೆ, ಅಂದೇ ಗದಗಿನ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಅಥವಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಸೇರಬೇಕು.